ವೇಗೋತ್ಕರ್ಷದಿಂದ ಗಡಿಯಾರ ನಿಧಾನವಾಗುತ್ತದೆಯೇ?

ವಿಶೇಷ ಸಾಪೇಕ್ಷತಾ ಸಿದ್ಧಾಂತವು ಏಕರೂಪ ವೇಗಕ್ಕೆ ಮಾತ್ರ ಅನ್ವಯಿಸುವುದಾದರೆ, ಅವಳಿಗಳಲ್ಲಿ ಒಬ್ಬ ಭೂಮಿಯಲ್ಲೇ ಉಳಿದು ಇನ್ನೊಬ್ಬ ದೂರದ ನಕ್ಷತ್ರಕ್ಕೆ ಹೋಗಿ ಮರಳಿದರೆ, ಹೋಗಿಬಂದವನ ವಯಸ್ಸನ್ನು ಅದರಿಂದ ಲೆಕ್ಕ ಹಾಕುವುದು ಹೇಗೆ, ಅವನ ಗಡಿಯಾರವನ್ನು ನಿಧಾನಗೊಳಿಸುವುದು ವೇಗೋತ್ಕರ್ಷವೇ ಎಂದು ಕೇಳಿದ್ದೀರಿ.

ಈ ನಿರ್ಬಂಧವಿರುವುದು ಅಳೆದು ನೋಡುವವನ ಚೌಕಟ್ಟಿಗೆ, ಚಲಿಸುವ ವಸ್ತುವಿಗಲ್ಲ. ಯಾವುದಾದರೊಂದು ಜಡತ್ವ ಚೌಕಟ್ಟಿನಲ್ಲಿ, ಅಂದರೆ ವೇಗವಾಗಲಿ ದಿಕ್ಕಾಗಲಿ ಬದಲಾಗದ ನೆಲೆಯಲ್ಲಿ, ನಿಂತು ನೋಡಿದರೆ, ವಸ್ತು ಹೇಗೆ ಬೇಕಾದರೂ ವೇಗ ಬದಲಿಸಬಹುದು. ಅದರ ಪಯಣವನ್ನು ಸಣ್ಣ ಸಣ್ಣ ಕ್ಷಣಗಳಾಗಿ ಒಡೆದು, ಆಯಾ ಕ್ಷಣದ ವೇಗಕ್ಕೆ ತಕ್ಕಂತೆ ಕಾಲವನ್ನು ಕುಗ್ಗಿಸಿ ಎಲ್ಲವನ್ನೂ ಕೂಡಿಸಿದರೆ ಪಯಣಿಗನ ಗಡಿಯಾರ ತೋರುವ ಕಾಲ ಸಿಗುತ್ತದೆ. ಐನ್‌ಸ್ಟೈನ್ ಅವರೇ 1905ರ ಮೂಲ ಪ್ರಬಂಧದಲ್ಲಿ, ಬಾಗಿದ ದಾರಿಯಲ್ಲಿ ಸುತ್ತಿ ಹೊರಟಲ್ಲಿಗೇ ಮರಳುವ ಗಡಿಯಾರ ಹಿಂದೆ ಬೀಳುತ್ತದೆಂದು ಲೆಕ್ಕ ಹಾಕಿ ತೋರಿಸಿದ್ದರು. ಹಾಗಿದ್ದೂ ವೇಗ ಬದಲಿಸುವ ವಸ್ತುವಿಗೆ ಈ ಸಿದ್ಧಾಂತ ಅನ್ವಯಿಸದು ಎಂಬ ತಪ್ಪು ಕಲ್ಪನೆ ಪಠ್ಯಪುಸ್ತಕಗಳಲ್ಲೂ ಆಗಾಗ ತಲೆ ಹಾಕುವುದು ವಿಚಿತ್ರ.

ಬೆಳಕಿನ ವೇಗದ 80%ರಷ್ಟು ವೇಗದಲ್ಲಿ ನಾಲ್ಕು ಜ್ಯೋತಿರ್ವರ್ಷ ದೂರ ಹೋಗಿ ಬಂದರೆ ಭೂಮಿಯಲ್ಲಿ 10 ವರ್ಷ ಕಳೆದಿರುತ್ತದೆ, ನೌಕೆಯಲ್ಲಿ 6. ದೂರವನ್ನು ಎಂಟು ಜ್ಯೋತಿರ್ವರ್ಷಕ್ಕೆ ಏರಿಸಿದರೆ ಅವು 20 ಮತ್ತು 12 ಆಗುತ್ತವೆ. ನೌಕೆ ತಿರುಗುವ ರೀತಿ ಎರಡೂ ಪಯಣಗಳಲ್ಲಿ ಒಂದೇ, ಆದರೆ ವ್ಯತ್ಯಾಸ ಮಾತ್ರ 4 ವರ್ಷದಿಂದ 8ಕ್ಕೆ ಏರಿತು. ಆದ್ದರಿಂದ ಕಾಲದ ಕೊರತೆಯನ್ನು ತಿರುವಿನಲ್ಲಿ ಹುಡುಕಬಾರದು, ಇಡೀ ದಾರಿಯಲ್ಲಿ ಹುಡುಕಬೇಕು. ತಿರುವು ಮಾಡುವ ಕೆಲಸವೆಂದರೆ ಒಬ್ಬರಿಗೊಬ್ಬರು ಚಲಿಸುತ್ತಿರುವಂತೆ ಕಾಣುವುದರಿಂದ ಇಬ್ಬರು ಅವಳಿಗಳ ಸ್ಥಿತಿಯೂ ಒಂದೇ ಎಂಬ ವಾದವನ್ನು ಮುರಿಯುವುದು, ಏಕೆಂದರೆ ಪಯಣದುದ್ದಕ್ಕೂ ಒಂದೇ ಜಡತ್ವ ಚೌಕಟ್ಟಿನಲ್ಲಿ ಉಳಿಯುವವನು ಭೂಮಿಯವನು ಮಾತ್ರ.

ವೇಗೋತ್ಕರ್ಷವೇ ಪ್ರತ್ಯೇಕವಾಗಿ ಗಡಿಯಾರದ ಮೇಲೆ ಪರಿಣಾಮ ಬೀರುವುದಿಲ್ಲ ಎಂಬುದು ಒಂದು ಊಹೆಯೇ ಹೌದು, ಆದರೆ ಪ್ರಯೋಗಕ್ಕೆ ಒಡ್ಡಿದ ಊಹೆ. 1970ರ ದಶಕದಲ್ಲಿ ಯುರೋಪಿನ ಸರ್ನ್ ಕಣಭೌತ ಪ್ರಯೋಗಾಲಯದ 14 ಮೀಟರ್ ವ್ಯಾಸದ ಉಂಗುರದಲ್ಲಿ ಮ್ಯೂಆನ್‌ಗಳನ್ನು (ಎಲೆಕ್ಟ್ರಾನಿನಂಥ, ಆದರೆ ಬೇಗ ನಶಿಸುವ ಕಣಗಳನ್ನು) ಸುತ್ತಿಸಿದರು. ನಿಂತ ಮ್ಯೂಆನ್‌ನ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡ್. ಉಂಗುರದಲ್ಲಿ ಅದು ಸುಮಾರು 64 ಮೈಕ್ರೋಸೆಕೆಂಡ್‌ಗೆ ಹಿಗ್ಗಿತು, ಅಂದರೆ 29 ಪಟ್ಟು, ವೇಗವೊಂದನ್ನೇ ಹಿಡಿದು ಲೆಕ್ಕ ಹಾಕಿದಾಗ ಬರುವಷ್ಟೇ. ಆ ಕಣಗಳ ಮೇಲಿದ್ದ ವೇಗೋತ್ಕರ್ಷವೋ ಭೂಮಿಯ ಗುರುತ್ವ ವೇಗೋತ್ಕರ್ಷದ ಸುಮಾರು 10^18 ಪಟ್ಟು! ಕೈಗಡಿಯಾರವನ್ನು ಅಲ್ಲಿಟ್ಟರೆ ಪುಡಿಯಾಗುತ್ತದೆ, ಆದರೆ ಅದು ಗಡಿಯಾರದ ದೌರ್ಬಲ್ಯ, ಕಾಲದ ಗುಣವಲ್ಲ.

ಸಾಮಾನ್ಯ ಸಾಪೇಕ್ಷತೆ ಬೇಕಾಗುವುದು ಗುರುತ್ವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಾಗ. 1971ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಹಾಫೆಲ್ ಮತ್ತು ಕೀಟಿಂಗ್ ಸೀಸಿಯಂ ಪರಮಾಣು ಗಡಿಯಾರಗಳನ್ನು ವಿಮಾನಗಳಲ್ಲಿ ಭೂಮಿಯ ಸುತ್ತ ಒಯ್ದಾಗ, ವಿಮಾನದ ವೇಗದ ಜೊತೆಗೆ ಅದು ಹಾರುತ್ತಿದ್ದ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಬೇಕಾಯಿತು.