ಎರಡು ಹಾವಿರುವ ಮನೆಗೆ ನಾಯಿ ತರಬಹುದೇ?

ಪ್ರಶ್ನೆ: ನನಗೆ 31 ವರ್ಷ. ಊರು ಶಿವಮೊಗ್ಗ. ಮದುವೆಯಾಗಿ ಮೂರು ವರ್ಷದಿಂದ ಅಮೆರಿಕದ ಆಸ್ಟಿನ್‌ನಲ್ಲಿದ್ದೇನೆ. ನಮ್ಮವರು ಮದುವೆಗೆ ಮುಂಚೆಯೇ ಎರಡು ಬಾಲ್ ಪೈಥಾನ್ ಸಾಕಿಕೊಂಡಿದ್ದರು. ಮೊದಲೆಲ್ಲ ನಾನು ಆ ಕೋಣೆಗೇ ಹೋಗುತ್ತಿರಲಿಲ್ಲ. ಈಗ ಅವರಿಗೆ ಆರು ತಿಂಗಳು ಬೇರೆ ಊರಿನಲ್ಲಿ ಕೆಲಸ, ಹಾವುಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ನನ್ನ ಕೆಲಸ ಮನೆಯಿಂದಲೇ. ದಿನವಿಡೀ ಮಾತಾಡಲು ಯಾರೂ ಇಲ್ಲ. ಹೋದ ತಿಂಗಳು ಶೆಲ್ಟರ್‌ನಲ್ಲಿ ನಾಲ್ಕು ವರ್ಷದ ಒಂದು ಕಪ್ಪು ನಾಯಿ ನೋಡಿದೆ. ಎರಡು ಮನೆಯವರು ಕರೆದುಕೊಂಡು ಹೋಗಿ ವಾಪಸ್ ಬಿಟ್ಟಿದ್ದಾರಂತೆ. ಅದು ನನ್ನ ಪಾದದ ಮೇಲೆ ತಲೆ ಇಟ್ಟು ಮಲಗಿತು. ತರೋಣ ಅಂದರೆ ನಮ್ಮವರು, "ಹಾವುಗಳಿಗೆ ಸ್ಟ್ರೆಸ್ ಆಗುತ್ತದೆ, ಹೆಣ್ಣು ಹಾವು ಆಗಲೇ ಐದು ವಾರದಿಂದ ತಿಂದಿಲ್ಲ" ಅನ್ನುತ್ತಾರೆ. ಅಮ್ಮ ಫೋನಿನಲ್ಲಿ, "ಮೊದಲು ಆ ಹಾವುಗಳನ್ನು ಕಳಿಸು, ಆಮೇಲೆ ನಾಯಿ ತಾ" ಅನ್ನುತ್ತಾರೆ. ಹಾವುಗಳನ್ನು ಕಳಿಸಲು ನನಗೂ ಮನಸ್ಸಿಲ್ಲ. ನನ್ನದು ಸ್ವಾರ್ಥವೇ?

ಉತ್ತರ: ಅಲ್ಲ. ಹೆದರಿಕೊಂಡು ದೂರ ಇದ್ದ ಕೋಣೆಗೆ ಈಗ ದಿನಾ ಹೋಗಿ, ನೀರು ಬದಲಿಸಿ, ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯ ಮಂಜು ಕರಗಿಸಿ ಕೊಡುತ್ತಿದ್ದೀರಿ. ಐದು ವಾರ ತಿಂದಿಲ್ಲ ಅಂತ ಲೆಕ್ಕ ಇಟ್ಟಿದ್ದೀರಿ. ಇದು ಸ್ವಾರ್ಥಿಯ ಕೆಲಸವಲ್ಲ. ನಿಮಗೂ ಒಂದು ಜೊತೆ ಬೇಕು ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಮೊದಲು ಆ ಹೆಣ್ಣು ಹಾವಿನ ಮಾತು. ನಿಮ್ಮಿಬ್ಬರ ಜಗಳ ಅದರ ಹೊಟ್ಟೆಯ ಮೇಲೆ ನಿಂತಂತಿದೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಘಾನಾ, ಟೋಗೊ, ಬೆನಿನ್ ಕಡೆಯದು. ಇಲಿಯ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಅಡಗಿರುವ ಜೀವ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಚಳಿಗಾಲದ ತಿಂಗಳುಗಳಲ್ಲಿ ಬೆಳೆದ ಹಾವುಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಊಟ ಬಿಡುವುದು ಈ ಜಾತಿಯಲ್ಲಿ ಮಾಮೂಲು. ಹಾಗಾಗಿ ಐದು ವಾರ ಅನ್ನುವುದಕ್ಕಿಂತ ತೂಕ ಇಳಿದಿದೆಯೇ ಅನ್ನುವುದು ಮುಖ್ಯ. ಒಂದು ಡಿಜಿಟಲ್ ತಕ್ಕಡಿ ತನ್ನಿ, ಅಡುಗೆಮನೆಯದು ಬೇಡ. ಮುಚ್ಚಳದ ಡಬ್ಬದಲ್ಲಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೊದಲಿದ್ದ ತೂಕದಲ್ಲಿ ನೂರಕ್ಕೆ ಹತ್ತರಷ್ಟು ಇಳಿದರೆ ಹಾವುಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ. ಉಸಿರಾಡುವಾಗ ಸದ್ದು ಬಂದರೆ, ಬಾಯಿ ತೆರೆದೇ ಉಸಿರಾಡುತ್ತಿದ್ದರೆ, ಬಾಯಲ್ಲಿ ನೊರೆ ಕಂಡರೆ ತೂಕಕ್ಕಾಗಿ ಕಾಯಬೇಡಿ. ಅದೇ ದಿನ ಹೋಗಿ.

ಊಟ ಬಿಟ್ಟ ಹಾವಿಗೆ ಮತ್ತೆ ಮತ್ತೆ ಇಲಿ ತೋರಿಸುವುದು, ಎತ್ತಿ ಮುದ್ದಿಸುವುದು ಬೇಡ. ಅದರ ಬದಲು ಹಾವಿರುವ ಪೆಟ್ಟಿಗೆಯನ್ನು ನೋಡಿ. ಬಿಸಿ ಬದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು. ನಿಮ್ಮಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 88ರಿಂದ 92. ತಂಪು ಬದಿಯಲ್ಲಿ 25ರಿಂದ 27 ಸೆಲ್ಸಿಯಸ್. ಗಾಳಿಯ ತೇವ ನೂರಕ್ಕೆ ಅರವತ್ತರ ಆಸುಪಾಸು, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಪೆಟ್ಟಿಗೆ ಬಿಸಿ ಮಾಡುವ ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್, ಅಂದರೆ ಬಿಸಿ ಮಿತಿ ಮೀರದಂತೆ ತಡೆಯುವ ಸಾಧನ, ಇದೆಯೇ ನೋಡಿ. ಹೊಟ್ಟೆಯಡಿ ಸುಡುತ್ತಿದ್ದರೂ ಸರಿಯದೆ ಅಲ್ಲೇ ಮಲಗಿ ಗಾಯ ಮಾಡಿಕೊಳ್ಳುವ ಹಾವುಗಳುಂಟು. ಎರಡು ಬದಿಯಲ್ಲೂ ಒಂದೊಂದು ಗೂಡು ಇಡಿ. ಗೂಡು ಇಕ್ಕಟ್ಟಾಗಿಯೇ ಇರಲಿ, ಮೈಗೆ ತಗಲುವಷ್ಟು. ನಮಗೆ ಪಾಪ ಅನ್ನಿಸುವ ಆ ಇಕ್ಕಟ್ಟೇ ಅದಕ್ಕೆ ಧೈರ್ಯ. ಎರಡು ಹಾವುಗಳೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಬೇರೆ ಮಾಡಿ. ಇವು ಒಂಟಿ ಜೀವಗಳು.

2021ರ ಫೆಬ್ರವರಿಯಲ್ಲಿ ನಿಮ್ಮ ಟೆಕ್ಸಾಸ್ ರಾಜ್ಯದಲ್ಲಿ ಹಿಮಗಾಳಿ ಬೀಸಿ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಗಿದ್ದನ್ನು ನಿಮ್ಮವರು ಹೇಳಿರಬಹುದು. ನೀವು ಒಬ್ಬರೇ ಇರುವಾಗ ಹಾಗಾದರೆ? ಒಂದು ಥರ್ಮೋಕೋಲ್ ಪೆಟ್ಟಿಗೆ, ಹಾವುಗಳನ್ನು ಬೇರೆಬೇರೆಯಾಗಿ ಹಾಕಿಡಲು ಎರಡು ಹತ್ತಿಯ ದಿಂಬಿನ ಕವರ್, ಬಿಸಿನೀರಿನ ಬಾಟಲಿ, ಅದಕ್ಕೆ ಸುತ್ತಲು ಟವೆಲ್. ಇಷ್ಟನ್ನು ಒಂದು ಕಡೆ ಇಟ್ಟುಕೊಳ್ಳಿ. ಪೆಟ್ಟಿಗೆಗೆ ಗಾಳಿಯಾಡಲು ತೂತಿರಲಿ, ಬಾಟಲಿ ನೇರ ಮೈಗೆ ತಗಲದಿರಲಿ.

ಇನ್ನು ನಾಯಿ. ನಿಮ್ಮವರ ಭಯದಲ್ಲಿ ಅರ್ಧ ನಿಜವಿದೆ. ಹಾವಿಗೆ ಹೊರಗಿವಿ ಇಲ್ಲ, ಆದರೆ ನೆಲದ ಅದುರುವಿಕೆ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಬಾಲ್ ಪೈಥಾನ್‌ನ ತುಟಿಯಲ್ಲಿ ಶಾಖ ಹಿಡಿಯುವ ಸಣ್ಣ ಗುಳಿಗಳಿವೆ. ಗಾಜಿಗೆ ಮೂತಿ ಒತ್ತಿ ಏದುಸಿರು ಬಿಡುವ ನಾಯಿ ಅದಕ್ಕೆ ಒಂದು ದೊಡ್ಡ ಬಿಸಿ ಶತ್ರು. ಆದರೆ ನಾಯಿ ಆ ಕೋಣೆಗೆ ಹೋಗದಿದ್ದರೆ ಈ ತೊಂದರೆಯಲ್ಲಿ ಹೆಚ್ಚಿನದು ಇರುವುದೇ ಇಲ್ಲ. ಬಾಗಿಲು ಯಾವಾಗಲೂ ಮುಚ್ಚಿರಲಿ, ನಾಯಿಗೆ ತೆರೆಯಲಾಗದ ಚಿಲಕ ಇರಲಿ. ಪೆಟ್ಟಿಗೆಗಳು ನೆಲದ ಮೇಲಿದ್ದರೆ ಎತ್ತರಕ್ಕಿಡಿ. ಮುಚ್ಚಳಕ್ಕೂ ಬೀಗ ಹಾಕಿ, ಸಣ್ಣ ಸಂದಿ ಸಿಕ್ಕರೂ ಹಾವು ಜಾರಿ ಹೊರಬರುತ್ತದೆ. ಚಿಗಟದ ಸ್ಪ್ರೇಯನ್ನು ಆ ಕಡೆ ಹೊಡೆಯಲೇಬೇಡಿ. ಹಾವು ಮುಟ್ಟುವ ಮುಂಚೆಯೂ ಮುಟ್ಟಿದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೂ 65 ದಾಟಿದವರಿಗೂ ಅದು ಜಾಸ್ತಿ ಅಪಾಯ. ಅಮ್ಮ ಅಲ್ಲಿಗೆ ಬಂದಾಗ ಇದು ನೆನಪಿರಲಿ.

ಒಂದು ಕೈಮುಗಿದ ಕೋರಿಕೆ. ನಾಯಿ ಮತ್ತು ಹಾವನ್ನು ಎದುರುಬದುರು ಕೂರಿಸಿ "ಫ್ರೆಂಡ್ಸ್" ಮಾಡಿಸಲು ಹೋಗಬೇಡಿ. ಅಂಥ ವಿಡಿಯೊಗಳಲ್ಲಿ ಹಾವಿನ ಮುಖ ನೋಡಿ ಅದರ ಭಯ ಯಾರಿಗೂ ತಿಳಿಯುವುದಿಲ್ಲ. ನಾಯಿ ಒಮ್ಮೆ ಬಾಯಿ ಹಾಕಿದರೆ ಹಾವು ಉಳಿಯುವುದು ಕಷ್ಟ.

ನೀವು ಪತ್ರದಲ್ಲಿ ಕೇಳದೆ ಬಿಟ್ಟ ಒಂದು ಪ್ರಶ್ನೆ ನನಗೆ ಕೇಳಿಸಿತು. ಇಷ್ಟು ಮಾಡಿದರೂ ಹಾವಿಗೆ ನನ್ನ ಮೇಲೆ ಪ್ರೀತಿ ಇಲ್ಲವಲ್ಲ ಅಂತ, ಅಲ್ವಾ? ನಾಯಿಯಂಥ ಪ್ರೀತಿ ಇಲ್ಲ, ನಿಜ. ನಿಮ್ಮ ಕೈಗೆ ಹೆದರದಿರುವುದನ್ನು ಅದು ಕಲಿಯುತ್ತದೆ, ಅದು ಕೊಡುವುದು ಅಷ್ಟೇ. ಹಾವನ್ನು ಸುಖವಾಗಿಡುವುದು ಅಂದರೆ ಅದರ ಪಾಡಿಗೆ ಅದನ್ನು ಬಿಡುವುದು. ಶೆಲ್ಟರ್‌ನಿಂದ ಬಂದ ನಾಯಿಗೆ ಬೇಕಾದದ್ದು ಅದರ ತದ್ವಿರುದ್ಧ, ಅದನ್ನು ಬಿಟ್ಟು ಹೋಗಬಾರದು. ಮನೆಯಿಂದಲೇ ಕೆಲಸ ಮಾಡುವ ನಿಮ್ಮಿಂದ ಎರಡೂ ಆಗುತ್ತದೆ.

ಆದರೆ ನಿಮ್ಮವರಿಗೆ ಹೇಳದೆ ತರಬೇಡಿ. ನಾಲ್ಕು ವರ್ಷದ ನಾಯಿ ಇನ್ನೂ ಎಂಟು ಹತ್ತು ವರ್ಷ ಬದುಕಬಹುದು. ಆರು ತಿಂಗಳ ನಂತರ ಅವರು ಮನೆಗೆ ಬಂದಾಗ ಜಗಳವಾಗಿ ಅದು ಮೂರನೇ ಸಲ ವಾಪಸ್ ಹೋಗಬಾರದು. ನನಗೆ ಅದೇ ಭಯ. ಹಾವುಗಳೂ ಹಾಗೇ, ದೀರ್ಘಾಯುಷಿಗಳು. ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆ ಇಟ್ಟಿತ್ತು. "ಕಳಿಸಿಬಿಡು" ಅನ್ನುವ ಅಮ್ಮನಿಗೆ ಇದನ್ನು ಹೇಳಿ. ಕಳಿಸುವುದಾದರೂ ಯಾರ ಹತ್ತಿರ? ಮದುವೆಗೆ ಮುಂಚಿನಿಂದ ಮನೆಯಲ್ಲಿರುವ ಜೀವಗಳು ಅವು.

ನಿಮ್ಮವರ ಜೊತೆ ಮಾತಾಡುವಾಗ ನಾಯಿಯಿಂದ ಶುರು ಮಾಡಬೇಡಿ. "ನನಗೆ ಇಲ್ಲಿ ತುಂಬಾ ಒಂಟಿ ಅನ್ನಿಸುತ್ತಿದೆ" ಅಂತ ಶುರು ಮಾಡಿ. ಪತ್ರದಲ್ಲಿ ನನಗೆ ಹೇಳಿದ ಈ ಮಾತನ್ನು ಅವರಿಗೆ ಹೇಳಿದ್ದೀರಾ? ಅವರ ಹಾವುಗಳನ್ನು ನೀವು ಕಾಯುತ್ತಿದ್ದೀರಿ. ನಿಮ್ಮನ್ನು ಯಾರು ಕಾಯಬೇಕು ಅನ್ನುವುದನ್ನು ಅವರೂ ಯೋಚಿಸಲಿ. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಹಾವಿಗೆ ಸ್ಟ್ರೆಸ್ ಆದೀತು ಅಂತ ದೂರದಿಂದಲೇ ಕಳವಳ ಪಡುವವರಿಗೆ ನಿಮ್ಮ ಸಂಕಟವೂ ಅರ್ಥವಾಗುತ್ತದೆ, ಹೇಳಿದರೆ.

ಆಮೇಲೆ ಶೆಲ್ಟರ್‌ಗೆ ಹೋಗಿ, ದತ್ತು ಅಲ್ಲ, ಮೊದಲು ಫಾಸ್ಟರ್ ಮಾಡಲು ಕೊಡುತ್ತೀರಾ ಅಂತ ಕೇಳಿ. ಕೆಲವು ವಾರ ಮನೆಯಲ್ಲಿಟ್ಟುಕೊಂಡು ನೋಡಬಹುದು. ಆಸ್ಟಿನ್ 2011ರಿಂದ "ನೋ ಕಿಲ್" ನಗರ, ಅಂದರೆ ಶೆಲ್ಟರ್‌ನ ಪ್ರಾಣಿಗಳನ್ನು ಜಾಗವಿಲ್ಲ ಅಂತ ಕೊಲ್ಲದ ನಗರ, ಅಂತ ಹೆಸರಾಗಿದೆ. ನಾಳೆಯೇ ತರದಿದ್ದರೆ ಅದರ ಕಥೆ ಮುಗಿಯಿತು ಅಂತ ಅವಸರ ಮಾಡಬೇಡಿ. ಎರಡು ಮನೆಯವರು ಯಾಕೆ ವಾಪಸ್ ಬಿಟ್ಟರು ಅನ್ನುವುದನ್ನು ಬಿಡಿಸಿ ಕೇಳಿ. ಅಳಿಲು, ಬೆಕ್ಕು ಕಂಡರೆ ಹೇಗೆ ಆಡುತ್ತದೆ ಕೇಳಿ. ಹುಚ್ಚೆದ್ದು ಅಟ್ಟಿಸಿಕೊಂಡು ಹೋಗುವ ನಾಯಿ ಹಾವಿರುವ ಮನೆಗೆ ಹೊಂದುವುದು ಕಷ್ಟ. ಸೊಳ್ಳೆಯಿಂದ ಹರಡುವ ಹಾರ್ಟ್‌ವರ್ಮ್ ಅನ್ನುವ ಹೃದಯದ ಹುಳುವಿನ ಟೆಸ್ಟ್ ಆಗಿದೆಯೇ ಅನ್ನುವುದನ್ನೂ ಕೇಳಿ. ಅದಿದ್ದರೆ ಚಿಕಿತ್ಸೆಗೆ ತಿಂಗಳುಗಳು ಬೇಕು.

ಮನೆಗೆ ಬಂದ ಮೇಲೆ ಅದು ಪಾದದ ಮೇಲೆ ತಲೆ ಇಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಗೆ ಬಂದ ಬೀದಿನಾಯಿ ಒಂಬತ್ತು ದಿನ ಊಟದ ಮೇಜಿನಡಿಯಿಂದ ಹೊರಬರಲಿಲ್ಲ. ನಾನು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೆ, ಅಷ್ಟೇ. ನಾಯಿ ಸಾಕುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುತ್ತಾರೆ. ಭಯ ಇಳಿಯಲು ಮೂರು ದಿನ, ಮನೆಯ ರೂಢಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಎರಡು ಸಲ ವಾಪಸ್ ಬಿಡಿಸಿಕೊಂಡ ನಾಯಿಗೆ ಇನ್ನೂ ಜಾಸ್ತಿ ಬೇಕಾದೀತು.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಮ್ಮ ಕಾಡು, ತೋಟದ ಹಾವುಗಳನ್ನು ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿದ್ದರೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಈಗ ನಿಮ್ಮ ಕೆಲಸ. ಇವತ್ತೇ ಹೆಣ್ಣು ಹಾವನ್ನು ತೂಗಿ. ಮುಂಚೆ ಎಷ್ಟಿತ್ತು ಅನ್ನುವುದು ನಿಮ್ಮವರಿಗೆ ಗೊತ್ತಿರುತ್ತದೆ. ಅದನ್ನು ಕೇಳಲು ಫೋನ್ ಮಾಡಿ. ಉಳಿದ ಮಾತನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ.