ಗಡುವು ಬರೆದಿಟ್ಟ ಭರವಸೆ: ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರ ಆಪ್ತಸಲಹೆ ಪ್ರಕರಣ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ಡೊಂದರಲ್ಲಿ ಮೂರು ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳನ್ನು ಇಟ್ಟುಕೊಂಡು, ವಾಹನಗಳ ಬಿಡಿಭಾಗಗಳನ್ನು ಜಾಬ್ ವರ್ಕ್ ಆಧಾರದಲ್ಲಿ, ಎಂದರೆ ಬೇರೆ ಕಂಪನಿಗಳು ಕೊಟ್ಟ ಆರ್ಡರಿನಂತೆ, ತಯಾರಿಸಿಕೊಡುವ, ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಪತ್ನಿಯ ಒತ್ತಾಯಕ್ಕೆ ಮಣಿದು ಆಪ್ತಸಲಹೆಗೆ ಬಂದಿದ್ದರು. ಗುರುತು ಸಿಗಬಾರದೆಂದು ಕುಟುಂಬದ ಹಾಗೂ ವ್ಯವಹಾರದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಮಾಲೀಕರು ಎಂದಷ್ಟೇ ಕರೆಯುತ್ತೇನೆ. ಐ.ಟಿ.ಐ. ಮುಗಿಸಿ, ಬೇರೆಯವರ ಕಾರ್ಖಾನೆಯಲ್ಲಿ ಹಲವು ವರ್ಷ ಆಪರೇಟರ್ ಆಗಿ ದುಡಿದು, ಮೊದಲು ಒಂದು ಹಳೆಯ ಯಂತ್ರ ಕೊಂಡು, ಆಮೇಲೆ ಸಾಲದ ಮೇಲೆ ಇನ್ನೆರಡನ್ನು ತಂದು, ಆರು ಜನರಿಗೆ ಕೆಲಸ ಕೊಡುವ ಮಟ್ಟಕ್ಕೆ ಬೆಳೆದವರು. 2020ರ ಲಾಕ್‌ಡೌನನ್ನು ಹೇಗೋ ದಾಟಿದ್ದರು. ಕುಸಿತ ಶುರುವಾದದ್ದು ಅದಾದ ಮೇಲೆ: ವಹಿವಾಟಿನ ಮುಕ್ಕಾಲು ಪಾಲು ಒಬ್ಬನೇ ಗಿರಾಕಿಯಿಂದ ಬರುತ್ತಿತ್ತು, ಆ ಗಿರಾಕಿಯ ಆರ್ಡರು ಅರ್ಧಕ್ಕೆ ಇಳಿಯಿತು, ಇಳಿದ ಆರ್ಡರಿನ ಹಣವೂ ನಾಲ್ಕು ತಿಂಗಳಿಂದ ಬಂದಿರಲಿಲ್ಲ.

ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವುದು, ಎದೆ ಬಿಗಿಯುವುದು, ಫೋನ್ ರಿಂಗಾದರೆ ಕೈ ನಡುಗುವುದು ಅವರು ಹೇಳಿಕೊಂಡ ತೊಂದರೆಗಳು. ಹೃದಯದ ಪರೀಕ್ಷೆಗಳಲ್ಲಿ ಏನೂ ಕಂಡುಬಂದಿರಲಿಲ್ಲ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಸ್ಫೂರ್ತಿ ತುಂಬುವ ಭಾಷಣಗಳನ್ನು ಕೇಳುತ್ತಿದ್ದರು. ಕೇಳುವಷ್ಟು ಹೊತ್ತು ಧೈರ್ಯ ಬರುತ್ತಿತ್ತು, ಮುಗಿದ ಮೇಲೆ ತನ್ನಿಂದ ಇಷ್ಟೂ ಆಗುತ್ತಿಲ್ಲವಲ್ಲ ಎಂಬ ನಾಚಿಕೆ ಉಳಿಯುತ್ತಿತ್ತು. ನನ್ನಿಂದ ಅವರು ಬಯಸಿದ್ದೂ ಅದೇ ಬಗೆಯದು. "ನನಗೆ ಮೊದಲಿನ ಧೈರ್ಯ ಬರುವ ಹಾಗೆ ನಾಲ್ಕು ಮಾತು ಹೇಳಿ ಸಾಕು, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು.

ಧೈರ್ಯದ ಮಾತಿಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆಯೊಂದಿತ್ತು. ಸಾಲದಲ್ಲಿ ಸಿಕ್ಕಿಕೊಂಡವರು ಬಂದಾಗ, ಬದುಕು ಸಾಕೆನಿಸಿದೆಯೇ ಎಂಬುದನ್ನು ಸುತ್ತು ಬಳಸದೆ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಬದಲಿಗೆ ಬಹಳ ಮಂದಿಗೆ ಕೊನೆಗೂ ಯಾರೋ ಕೇಳಿದರಲ್ಲ ಎಂಬ ನಿರಾಳವೇ ಆಗುತ್ತದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಜೀವ ವಿಮೆಯ ಮೊತ್ತದಲ್ಲಿ ಯಾವ ಯಾವ ಸಾಲ ತೀರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದ್ದುಂಟು ಎಂದರು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವರ ಒಪ್ಪಿಗೆ ಪಡೆದು ಪತ್ನಿಯನ್ನು ಒಳಗೆ ಕರೆದು ವಿಷಯ ತಿಳಿಸಿದ್ದು, ನಿದ್ರೆ ಮತ್ತು ಆತಂಕದ ಚಿಕಿತ್ಸೆಗಾಗಿ ಮನೋವೈದ್ಯರ ಬಳಿ ಕಳಿಸಿದ್ದು, ಅಂಥ ಯೋಚನೆ ಮತ್ತೆ ಬಂದ ರಾತ್ರಿ ಯಾರಿಗೆ ಮೊದಲು ಫೋನ್ ಮಾಡಬೇಕೆಂದು ಮೂರು ಹೆಸರು ಬರೆಸಿದ್ದು, ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಉಳಿಸಿಸಿದ್ದು, ಇವೆಲ್ಲ ಅಂದೇ ಆದವು. ವ್ಯಾಪಾರದ ಮಾತು ಶುರುವಾದದ್ದು ನಿದ್ರೆ ಸ್ವಲ್ಪ ಹತೋಟಿಗೆ ಬಂದ ಮೇಲೆ. ನಿದ್ರೆಗೆಟ್ಟ ತಲೆಯಲ್ಲಿ ತೆಗೆದುಕೊಂಡ ನಿರ್ಧಾರ ಮುಂದುವರಿಸುವುದಾದರೂ ಸರಿ, ಮುಚ್ಚುವುದಾದರೂ ಸರಿ, ನಂಬಲರ್ಹವಲ್ಲ.

ಭರವಸೆಯ ಕುರಿತು ಅಮೆರಿಕದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಅವರ ವಿವರಣೆಯೊಂದು ಇಂಥ ಪ್ರಕರಣಗಳಲ್ಲಿ ನನಗೆ ಉಪಯೋಗಕ್ಕೆ ಬಂದಿದೆ. ಅವರ ಪ್ರಕಾರ ಭರವಸೆಯಲ್ಲಿ ಎರಡು ಅಂಶಗಳಿವೆ: ಗುರಿಯತ್ತ ಹೋಗಲು ಒಂದಕ್ಕಿಂತ ಹೆಚ್ಚು ದಾರಿಗಳನ್ನು ಕಾಣಬಲ್ಲ ಯೋಚನೆ ಒಂದು, ಆ ದಾರಿಯಲ್ಲಿ ತಾನು ನಡೆಯಬಲ್ಲೆ ಎಂಬ ನಂಬಿಕೆ ಇನ್ನೊಂದು. ಮಾಲೀಕರಿಗೆ ಎರಡನೆಯದು ಕುಗ್ಗಿದೆ ಎಂದು ಮನೆಯವರೂ ನೆಂಟರೂ ತಿಳಿದಿದ್ದರು. ನನಗೆ ಹಾಗೆ ಕಾಣಲಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಯಂತ್ರದ ಮುಂದೆ ನಿಲ್ಲುವವರಲ್ಲಿ ಛಲಕ್ಕೆ ಕೊರತೆ ಇರುವುದಿಲ್ಲ. ಅವರಿಗೆ ಕಾಣುತ್ತಿದ್ದ ದಾರಿ ಒಂದೇ, ಇನ್ನಷ್ಟು ದುಡಿಯುವುದು. ಆ ದಾರಿ ಎಲ್ಲಿಗೆ ಒಯ್ಯುತ್ತಿದೆ ಎಂದು ನೋಡಲು ಹೆದರಿಕೆ. ಬ್ಯಾಂಕಿನಿಂದ ಬಂದ ಪತ್ರಗಳನ್ನು ಒಡೆಯದೆ ಡ್ರಾಯರಿನಲ್ಲಿ ಹಾಕಿಡುತ್ತಿದ್ದರು. ಪತ್ನಿಯ ಒಡವೆ ಅಡವಿಟ್ಟು ಸಂಬಳ ಕೊಟ್ಟದ್ದು ಮನೆಯಲ್ಲಿ ಗೊತ್ತಿತ್ತು. ಅದಾದ ಮೇಲೆ ಪರಿಚಯದವರೊಬ್ಬರಿಂದ ತಿಂಗಳಿಗೆ ನೂರಕ್ಕೆ ಐದರಂತೆ ಕೈಸಾಲ ತಂದದ್ದು ಗೊತ್ತಿರಲಿಲ್ಲ.

ಹಾಗಾಗಿ ಮೊದಲ ಸಲಹೆ ಲೆಕ್ಕಕ್ಕೆ ಸಂಬಂಧಿಸಿದ್ದು. ಲೆಕ್ಕ ನೋಡುವುದು ಆಪ್ತಸಲಹೆಗಾರರ ಕೆಲಸವಲ್ಲ, ನಾನು ನೋಡಲೂ ಇಲ್ಲ. ಲೆಕ್ಕವನ್ನು ಎದುರಿಸುವುದಕ್ಕೆ ಅಡ್ಡವಾಗಿರುವ ಭಯ ಮಾತ್ರ ನನ್ನ ಕೆಲಸದ ವ್ಯಾಪ್ತಿಗೆ ಬರುತ್ತದೆ. ಒಡೆಯದ ಪತ್ರಗಳನ್ನೆಲ್ಲ ತಂದು ಇಲ್ಲೇ, ಒಂದೊಂದಾಗಿ, ಪತ್ನಿಯ ಎದುರಿನಲ್ಲಿ ಒಡೆಯಬೇಕೆಂದು ಹೇಳಿದೆ. ಕೈಸಾಲದ ವಿಷಯ ಹೊರಬಿದ್ದದ್ದೂ ಆಗಲೇ. ಆ ಹೊತ್ತಿನ ಕಣ್ಣೀರು, ಕೋಪಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಪತ್ನಿ ಸಮಾಧಾನಕ್ಕೆ ಬಂದ ಮೇಲೆ ಹೇಳಿದ ಮಾತು ಮಾತ್ರ ಮುಂದಿನ ಕೆಲಸಕ್ಕೆ ತಳಹದಿಯಾಯಿತು: "ಸಾಲ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ ರೀ, ನನ್ನನ್ನು ಹೊರಗಿಟ್ಟು ಮಾಡಿದಿರಲ್ಲ, ಅದಕ್ಕೆ." ಅಲ್ಲಿಂದ ಮುಂದೆ ಲೆಕ್ಕದ ಪುಸ್ತಕ ಪತ್ನಿಯ ಕೈಗೆ ಹೋಯಿತು.

ಪರಿಚಯದ ಲೆಕ್ಕಪರಿಶೋಧಕರ ಬಳಿ ಕೂತು ಯಂತ್ರದ ಗಂಟೆಯ ದರವನ್ನು ತೆಗೆದಾಗ ಗೊತ್ತಾದ ಸಂಗತಿ ಇದು: ಬಾಡಿಗೆ, ಸಂಬಳ, ವಿದ್ಯುತ್ತು, ಕಂತು, ಟೂಲಿಂಗ್ (ಲೇತ್‌ಗೆ ಬೇಕಾದ ಉಪಕರಣಗಳ ಖರ್ಚು) ಎಲ್ಲ ಸೇರಿ ಗಂಟೆಗೆ ಸುಮಾರು 430 ರೂಪಾಯಿ ಬೀಳುತ್ತಿತ್ತು, ಮುಖ್ಯ ಗಿರಾಕಿಗೆ ಅವರು ಹಾಕುತ್ತಿದ್ದದ್ದು ಹಲವು ವರ್ಷಗಳ ಹಿಂದಿನ 350ರ ದರ. ಎಂದರೆ ರಾತ್ರಿ ಪಾಳಿ ಹಾಕಿ ಹೆಚ್ಚು ದುಡಿದರೂ ಆ ದರದಲ್ಲಿ ಪೂರ್ತಿ ಖರ್ಚು ಹುಟ್ಟುತ್ತಿರಲಿಲ್ಲ. ತೂತು ಬಿದ್ದ ಕೊಡಕ್ಕೆ ಇನ್ನೂ ಬೇಗ ಬೇಗ ನೀರು ಸೇದಿ ಹಾಕಿದಂತೆ. ಇದರ ಮೇಲೆ, ಗಿರಾಕಿ ಹಣ ಕೊಟ್ಟಿರಲಿ ಬಿಡಲಿ, ಬಿಲ್ಲು ಹಾಕಿದ ತಿಂಗಳಿನ ಜಿ.ಎಸ್.ಟಿ.ಯನ್ನು ಮುಂದಿನ ತಿಂಗಳು ಕಟ್ಟಲೇಬೇಕು. "ಪ್ರಯತ್ನ ಬಿಡಬೇಡ" ಎಂದು ಅವರಿಗೆ ಪ್ರೀತಿಯಿಂದ ಹೇಳುತ್ತಿದ್ದ ಯಾರಿಗೂ, ಸ್ವತಃ ಅವರಿಗೂ, ಆ ಪ್ರಯತ್ನದ ಗಂಟೆಯ ಬೆಲೆ ಗೊತ್ತಿರಲಿಲ್ಲ.

ಎರಡನೆಯ ಸಲಹೆಯೇ ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು. ಕಾರ್ಖಾನೆಯನ್ನು ಎಲ್ಲಿಯವರೆಗೆ ನಡೆಸುವುದೆಂದು ದಂಪತಿಗಳಿಬ್ಬರೂ ಸೇರಿ ಬರೆದಿಡಬೇಕೆಂದು ಕೇಳಿದೆ: ಯಾವ ತಿಂಗಳಿನವರೆಗೆ, ಇನ್ನೆಷ್ಟು ಹಣದವರೆಗೆ, ಏನೇ ಆದರೂ ಯಾವುದನ್ನು ಮುಟ್ಟುವುದಿಲ್ಲ. ಮಾಲೀಕರು ಇದನ್ನು ಬಲವಾಗಿ ವಿರೋಧಿಸಿದರು. ನಿಲ್ಲಿಸುವ ದಿನವನ್ನು ಬರೆಯುವುದೆಂದರೆ ಅಪಶಕುನವನ್ನು ಕರೆದು ಕೂರಿಸಿದಂತೆ, ಗೆಲ್ಲುವವನು ಸೋಲಿನ ಯೋಚನೆ ಮಾಡಬಾರದು ಎಂಬುದು ಅವರ ವಾದ. ನನ್ನ ಅಭಿಪ್ರಾಯ ಇದಕ್ಕೆ ಪೂರಾ ಬೇರೆ, ಅದನ್ನು ಅವರಿಗೆ ಹೇಳಿಯೂ ಹೇಳಿದೆ. ಎಲ್ಲೆ ಇಲ್ಲದ ಹಠದಲ್ಲಿ ಪ್ರತಿ ರಾತ್ರಿಯೂ ಮುಚ್ಚುವುದೋ ಬಿಡುವುದೋ ಎಂಬ ತೀರ್ಮಾನ ಹೊಸದಾಗಿ ಆಗಬೇಕು, ಅವರನ್ನು ಮೂರು ಗಂಟೆಗೆ ಎಬ್ಬಿಸುತ್ತಿದ್ದದ್ದು ಆ ಪ್ರಶ್ನೆಯೇ. ಗಡುವನ್ನು ಹಗಲು ಹೊತ್ತಿನಲ್ಲಿ, ಇಬ್ಬರು ಕೂತು, ಒಮ್ಮೆ ಬರೆದುಬಿಟ್ಟರೆ ಆ ದಿನದವರೆಗೆ ಪ್ರಶ್ನೆ ಮುಗಿದಿರುತ್ತದೆ. ಉಳಿದ ಶಕ್ತಿಯೆಲ್ಲ ಕೆಲಸಕ್ಕೆ ಸಿಗುತ್ತದೆ. ಎಲ್ಲವನ್ನೂ ಪಣಕ್ಕಿಟ್ಟವನು ಗಿರಾಕಿಯ ಎದುರು ದರದ ಮಾತೆತ್ತಲು ಹೆದರುತ್ತಾನೆ. ಮನೆ ಉಳಿಯುತ್ತದೆ ಎಂಬ ಖಾತ್ರಿ ಇದ್ದವನು ಅಷ್ಟು ಹೆದರುವುದಿಲ್ಲ.

ಎರಡು ವಾರ ಯೋಚಿಸಿ ಅವರು ಬರೆದುಕೊಂಡು ಬಂದದ್ದು ಹೀಗಿತ್ತು: ಮುಂದಿನ ಮಾರ್ಚ್ ಕೊನೆಯವರೆಗೆ ನಡೆಸುವುದು, ಹೊಸ ಸಾಲ ಮಾಡುವುದಿಲ್ಲ, ಮಗಳ ಕಾಲೇಜಿನ ಶುಲ್ಕಕ್ಕೆ ಇಟ್ಟ ಠೇವಣಿಯನ್ನೂ ಊರಿನ ಜಮೀನಿನ ಪತ್ರವನ್ನೂ ಮುಟ್ಟುವುದಿಲ್ಲ, ಮಾರ್ಚ್ ಹೊತ್ತಿಗೆ ಮುಖ್ಯ ಗಿರಾಕಿಯ ಪಾಲು ವಹಿವಾಟಿನ ಅರ್ಧಕ್ಕಿಂತ ಕೆಳಗೆ ಬಾರದಿದ್ದರೆ ಯಂತ್ರಗಳನ್ನು ಮಾರಿ ಸಾಲ ತೀರಿಸಿ, ತಾವು ಬೇರೊಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಸೇರುವುದು. ಕೊನೆಯ ಸಾಲನ್ನು ಬರೆದವರು ಮಾಲೀಕರೇ. ಆ ಕೆಲಸ ತಮಗೆ ಸಿಗುತ್ತದೆಯೇ ಎಂದು ಹಳೆಯ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿಯೂ ಇದ್ದರು.

ಮುಂದಿನದು ಬರಬೇಕಾದ ಬಾಕಿ. ಒಟ್ಟು ಹತ್ತೊಂಬತ್ತು ಲಕ್ಷದಲ್ಲಿ ಹನ್ನೊಂದು ಲಕ್ಷ ಆ ಒಬ್ಬ ಗಿರಾಕಿಯದು. ಕೇಳಿದರೆ ಆರ್ಡರು ನಿಂತುಹೋದೀತು ಎಂಬ ಅಂಜಿಕೆ ನಿರಾಧಾರವೇನಲ್ಲ, ಸಣ್ಣ ಘಟಕಗಳು ಅನುಭವಿಸುವ ದೊಡ್ಡ ಅಸಹಾಯಕತೆಯೇ ಅದು. ಆದರೂ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದು ಕೇಳುವುದಕ್ಕೂ ತಿಳಿಯದೆ ಅಂಗಲಾಚುವುದಕ್ಕೂ ದನಿಯಲ್ಲೇ ವ್ಯತ್ಯಾಸ ಬರುತ್ತದೆ. 2006ರ ಎಂ.ಎಸ್.ಎಂ.ಇ. (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು, ಲಿಖಿತ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ, ಇಂಥ ಬಾಕಿಯ ವ್ಯಾಜ್ಯಗಳನ್ನು ನೋಡುವ ರಾಜ್ಯ ಮಟ್ಟದ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಲು ಅವಕಾಶವಿದೆ. 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ತಂದ ತಿದ್ದುಪಡಿಯಿಂದಾಗಿ, ಗಡುವು ಮೀರಿ ಉಳಿಸಿಕೊಂಡ ಇಂಥ ಬಾಕಿಯನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ತೆರಿಗೆಯ ಲೆಕ್ಕದಲ್ಲಿ ಖರ್ಚಿಗೆ ಹಾಕಿಕೊಳ್ಳಬಹುದು. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮಾಲೀಕರಿಗೆ ಮೊದಲೇ ಆಗಿತ್ತು, ಪ್ರಮಾಣಪತ್ರ ಫೈಲಿನಲ್ಲಿ ಸುಮ್ಮನೆ ಕೂತಿತ್ತು.

ದೂರು ಕೊಡುವುದು ಬಿಡುವುದು ಅವರಿಗೆ ಬಿಟ್ಟ ವಿಚಾರ; ನಾವು ಅಭ್ಯಾಸ ಮಾಡಿದ್ದು ಫೋನಿನ ಮಾತನ್ನು. ನಾನು ಗಿರಾಕಿಯ ಪರ್ಚೇಸ್ ಮ್ಯಾನೇಜರ್ ಆಗಿ ಕೂತೆ, ಅವರು ಕೇಳಬೇಕು. ಮೊದಮೊದಲು ಕ್ಷಮೆ ಕೇಳುತ್ತಲೇ ಮಾತು ಶುರು ಮಾಡುತ್ತಿದ್ದರು, ಮನೆಯ ಕಷ್ಟವನ್ನೆಲ್ಲ ಹೇಳುತ್ತಿದ್ದರು. ಕಷ್ಟ ಬೇಡ, ಬಿಲ್ಲಿನ ಸಂಖ್ಯೆ, ತಾರೀಖು, ಮೊತ್ತ ಹೇಳಿ, ಯಾವ ದಿನ ಎಂದು ಕೇಳಿ, ಆಮೇಲೆ ಎದುರಿನವರು ಮಾತಾಡುವವರೆಗೆ ಸುಮ್ಮನಿರಿ ಎಂದೆ. ಆ ಸುಮ್ಮನಿರುವುದೇ ಅವರಿಗೆ ಕಷ್ಟವಾಯಿತು. ತಿದ್ದಿಕೊಂಡ ಮೇಲೆ ಮಾತಿಗೆ ಜೊತೆಯಾಗಿ, ಸೌಮ್ಯವಾದ ಭಾಷೆಯಲ್ಲಿ ಉದ್ಯಮ್ ಸಂಖ್ಯೆ ನಮೂದಿಸಿದ ಪತ್ರವೊಂದನ್ನು ಕಳಿಸಿದರು.

ಬ್ಯಾಂಕಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಒಂದೇ ಸಂಗತಿ: ಕಂತು ತಪ್ಪಿದ ಮೇಲೆ 90 ದಿನ ದಾಟಿದರೆ ಖಾತೆ ಅನುತ್ಪಾದಕ (ಎನ್.ಪಿ.ಎ.) ಎಂದು ವರ್ಗೀಕರಣವಾಗುತ್ತದೆ, ಅದಕ್ಕೆ ಮುಂಚಿನ ದಿನಗಳೇ ಮಾತಿಗೆ ಇರುವ ಸಮಯ. ಸಣ್ಣ ಉದ್ಯಮಗಳ ಪುನಶ್ಚೇತನಕ್ಕಾಗಿ ರಿಸರ್ವ್ ಬ್ಯಾಂಕ್ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವ್ಯವಹಾರ ಕೈ ಮೀರುವ ಸೂಚನೆ ಕಂಡ ಉದ್ಯಮಿ ತಾನಾಗಿಯೇ ಬ್ಯಾಂಕಿಗೆ ಅರ್ಜಿ ಕೊಟ್ಟು ಸಾಲದ ಮರುಹೊಂದಾಣಿಕೆಯನ್ನು ಕೇಳಬಹುದು. ಮಾಲೀಕರ ಎರಡನೇ ಕಂತು ಆಗಷ್ಟೇ ತಪ್ಪಿತ್ತು. ಮ್ಯಾನೇಜರರ ಫೋನನ್ನು ತಪ್ಪಿಸುತ್ತಿದ್ದವರು ಪತ್ನಿಯೊಂದಿಗೆ, ಬರೆದಿಟ್ಟ ಗಡುವಿನ ಹಾಳೆ ಮತ್ತು ಗಂಟೆಯ ದರದ ಲೆಕ್ಕದೊಂದಿಗೆ ತಾವೇ ಹೋದರು.

ಕೆಲಸಗಾರರಿಗೆ ಎಷ್ಟು ಹೇಳಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿತ್ತು. ಯಜಮಾನ ಅಳುಕಿದರೆ ಶೆಡ್ಡೇ ಅಳುಕುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಸಂಬಳ ತಡವಾದ ಪ್ರತಿ ತಿಂಗಳೂ ಕೆಲಸಗಾರರಿಗೆ ವಿಷಯ ಗೊತ್ತೇ ಆಗಿದೆ, ಗೊತ್ತಿಲ್ಲದ್ದು ಮುಂದೇನು ಎಂಬುದಷ್ಟೇ ಎಂದು ನಾನು ಹೇಳಿದೆ. ಕೊನೆಗೆ ಮಾಲೀಕರು ಮಾರ್ಚ್‌ವರೆಗಿನ ಸಂಬಳದ ದಿನಾಂಕಗಳನ್ನು ಹೇಳಿಬಿಟ್ಟರು. ಆಪರೇಟರ್ ಒಬ್ಬರು ಬಿಟ್ಟುಹೋದರು, ಉಳಿದವರು ಉಳಿದರು.

ದಿನಚರಿಯಲ್ಲಿ ಎರಡು ಬದಲಾವಣೆಗಳನ್ನು ಸೂಚಿಸಿದ್ದೆ. ಸಂಜೆ ಆರರಿಂದ ಆರೂವರೆಯವರೆಗೆ ಚಿಂತೆಗೆಂದೇ ಹೊತ್ತು ಇಟ್ಟು, ಉಳಿದ ಸಮಯದಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಆ ಹೊತ್ತಿಗೆ ಮುಂದೂಡುವುದು. ವಾರಕ್ಕೆ ಎರಡು ಅರ್ಧ ದಿನ ಯಂತ್ರ ಬಿಟ್ಟು ಹೊಸ ಗಿರಾಕಿಗಳನ್ನು ಹುಡುಕಿಕೊಂಡು ಹೋಗುವುದು. ಆ ವಾರದ ಕೆಲಸ ಸರಿಯಾಯಿತೋ ಇಲ್ಲವೋ ಎಂಬುದನ್ನು ಸಿಕ್ಕ ಆರ್ಡರಿನಿಂದ ಅಳೆಯದೆ, ಎಷ್ಟು ಕಡೆ ಕೊಟೇಶನ್ ಕೊಟ್ಟಿರಿ ಎಂಬುದರಿಂದ ಅಳೆಯಿರಿ ಎಂದೆ. ಆರ್ಡರು ಅವರ ಕೈಯಲ್ಲಿಲ್ಲ, ಕೊಟೇಶನ್ ಇದೆ. ರಾತ್ರಿಯ ಸ್ಫೂರ್ತಿ ಭಾಷಣಗಳನ್ನು ಬಿಡಲು ನಾನು ಹೇಳಲಿಲ್ಲ. ಕೆಲವು ವಾರಗಳಾದ ಮೇಲೆ ಅವರೇ ಬಿಟ್ಟಿದ್ದರು.

ಫಲಿತಾಂಶ ಮಿಶ್ರವಾಗಿದೆ. ಮುಖ್ಯ ಗಿರಾಕಿ ಹನ್ನೊಂದರಲ್ಲಿ ಏಳು ಲಕ್ಷವನ್ನು ಎರಡು ಕಂತಿನಲ್ಲಿ ಕೊಟ್ಟು, ಒಂದು ಭಾಗದ ಆರ್ಡರನ್ನು ಬೇರೆಯವರಿಗೆ ತಿರುಗಿಸಿದ. ಅದು ನಷ್ಟದ ದರದ ಭಾಗವೇ ಆಗಿತ್ತೆಂಬುದು ಮಾಲೀಕರಿಗೆ ಸಮಾಧಾನ. ಆ ಹಣದಲ್ಲಿ ಮೊದಲು ಕೈಸಾಲ ತೀರಿತು. ಹಳೆಯ ಯಂತ್ರವನ್ನು ಮಾರಿದರು, ಬ್ಯಾಂಕು ಕಂತಿನ ಅವಧಿಯನ್ನು ಹಿಗ್ಗಿಸಿತು. ಪಂಪು ತಯಾರಕರೊಬ್ಬರಿಂದ ಚಿಕ್ಕ ಪ್ರಮಾಣದ, ಆದರೆ 440ರ ದರದ ಕೆಲಸ ಸಿಕ್ಕಿದೆ. ನಿದ್ರೆಯ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಕಡಿಮೆ ಮಾಡುತ್ತಿದ್ದಾರೆ, ವಿಮೆಯ ಲೆಕ್ಕದಂಥ ಯೋಚನೆ ಮತ್ತೆ ಬಂದಿಲ್ಲವೆಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ.

ಮುಖ್ಯ ಗಿರಾಕಿಯ ಪಾಲು ಈಗ ವಹಿವಾಟಿನಲ್ಲಿ ಶೇಕಡಾ 55ರ ಹತ್ತಿರ ಇದೆ, ಅವರೇ ಬರೆದ ಗೆರೆಗಿಂತ ಇನ್ನೂ ಮೇಲೆ. ಗಡುವನ್ನು ಮೂರು ತಿಂಗಳು ಮುಂದೆ ಹಾಕಬಹುದೇ ಎಂದು ಕಳೆದ ಭೇಟಿಯಲ್ಲಿ ಕೇಳಿದರು. ಹಾಳೆಯಲ್ಲಿ ಇಬ್ಬರ ಸಹಿ ಇದೆ, ನನ್ನದಿಲ್ಲ, ಆದ್ದರಿಂದ ಪ್ರಶ್ನೆ ನನಗಲ್ಲ ಎಂದೆ. ಪತ್ನಿ ಮಾರ್ಚ್‌ನ ಲೆಕ್ಕ ನೋಡಿದ ಮೇಲೆಯೇ ಮಾತು ಎಂದಿದ್ದಾರೆ; ಮಾಲೀಕರು ಒಪ್ಪಿಕೊಂಡಿದ್ದಾರೆ.