ಎಂಟನೇ ಮನೆಯ ಈರೋಸ್

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ಗಂಡು ನೋಡುತ್ತಿದ್ದೇವೆ. ಅವಳು ಮೊಬೈಲಿನಲ್ಲಿ ಯಾವುದೋ ವಿದೇಶಿ ಆ್ಯಪ್‌ನಿಂದ ಕುಂಡಲಿ ತೆಗೆದಿದ್ದಾಳೆ. ಎಂಟನೇ ಮನೆಯಲ್ಲಿ, ವೃಶ್ಚಿಕದ 10 ಡಿಗ್ರಿಗೆ 'ಈರೋಸ್' ಅನ್ನೋ ಕ್ಷುದ್ರಗ್ರಹ ಇದೆಯಂತೆ. ಗ್ರೀಕರ ಕಾಮದೇವನಂತೆ. ಇದು ದೋಷವೇ? ಶಾಂತಿ ಮಾಡಿಸಬೇಕೇ? ಗಂಡಿನ ಕಡೆಯವರಿಗೆ ಹೇಳಬೇಕೇ?"

ಅಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಹೇಳಬೇಡಿ. ಹೇಳುವಂಥದ್ದು ಏನೂ ಇಲ್ಲ.

ನೀವು ಹೆದರಿದ್ದು ಈರೋಸ್‌ಗಿಂತ ಜಾಸ್ತಿ ಆ 'ಎಂಟ'ಕ್ಕೆ ಅಂತ ನನ್ನ ಗುಮಾನಿ. ನಮ್ಮಲ್ಲಿ ಹೆಣ್ಣಿನ ಜಾತಕದ ಅಷ್ಟಮ ಅಂದರೆ ಮಾಂಗಲ್ಯ ಸ್ಥಾನ, ಗಂಡನ ಆಯುಸ್ಸು ನೋಡುವ ಮನೆ. ಅಲ್ಲಿ ಏನು ಕೂತರೂ ತಾಯಂದಿರ ಎದೆ ಡವಡವ. ಆದರೆ ಆ ಆ್ಯಪ್‌ನ ಲೆಕ್ಕವೇ ಬೇರೆ. ಪಶ್ಚಿಮದಲ್ಲಿ ಬಳಕೆಯಲ್ಲಿರುವುದು ಸಾಮಾನ್ಯವಾಗಿ ಸಾಯನ, ಅಂದರೆ ರಾಶಿಗಳನ್ನು ವಿಷುವದ ಬಿಂದುವಿನಿಂದ ಎಣಿಸುವ ಪದ್ಧತಿ; ನಮ್ಮ ಜಾತಕದ್ದು ನಿರಯನ, ಅಂದರೆ ನಕ್ಷತ್ರಗಳಿಂದ ಎಣಿಸುವುದು. ಎರಡಕ್ಕೂ ಈಗ ಸುಮಾರು 24 ಡಿಗ್ರಿ ಅಂತರ. ಅವರ ವೃಶ್ಚಿಕದ 10 ನಮ್ಮಲ್ಲಿ ತುಲೆಯ 16. ಬೆಳಗಾವಿ ಬಸ್ಸಿನ ಟಿಕೆಟ್ ಹಿಡಿದು ಹುಬ್ಬಳ್ಳಿ ಬಸ್ಸಿನಲ್ಲಿ ಸೀಟು ಹುಡುಕಿದ ಹಾಗಾಯಿತು. ಸಾಲದ್ದಕ್ಕೆ, ನಮ್ಮ ನವಗ್ರಹಗಳಲ್ಲಿ ಈರೋಸ್‌ಗೆ ಜಾಗವೇ ಇಲ್ಲ.

ಅಲ್ಲಿನವರು ಹೇಳುವ ಫಲವೂ ಅಷ್ಟೇನೂ ಮುಜುಗರದ್ದಲ್ಲ. ಶುಕ್ರ ಅಂದರೆ ಮನಸ್ಸಿಗೆ ಹಿತವಾದದ್ದು, ಈರೋಸ್ ಅಂದರೆ ಊಟ ನಿದ್ದೆ ಮರೆಸುವ ಸೆಳೆತ. ಅದು ಹುಡುಗನ ಮೇಲೇ ಇರಬೇಕೆಂದಿಲ್ಲ. ಹಾಡಿನ ಮೇಲಿರಬಹುದು, ಕೆಲಸದ ಮೇಲಿರಬಹುದು. ಎಂಟನೇ ಮನೆಯಲ್ಲಿದ್ದರೆ, ಇಂಥವರಿಗೆ ಮೇಲುಮೇಲಿನ ಸ್ನೇಹ ಸಾಲದು ಎನ್ನುತ್ತಾರೆ.

ಈ ಅರ್ಥ ಬಂದದ್ದು ಎಲ್ಲಿಂದ? ಹೆಸರಿನಿಂದ! 1898ರ ಆಗಸ್ಟ್ 13ರಂದು ಬರ್ಲಿನ್‌ನಲ್ಲಿ ಗುಸ್ತಾವ್ ವಿಟ್ ಇದನ್ನು ಪತ್ತೆ ಮಾಡಿದಾಗ ಇದಕ್ಕಿದ್ದದ್ದು ಬರೀ 'ಡಿಕ್ಯೂ' ಅನ್ನೋ ತಾತ್ಕಾಲಿಕ ಗುರುತು. ಆವರೆಗೆ ಕ್ಷುದ್ರಗ್ರಹಗಳಿಗೆ ಹೆಣ್ಣು ಹೆಸರು ಇಡುವುದು ರೂಢಿ. ಇದೋ, ಮಂಗಳನ ದಾರಿಯನ್ನೂ ದಾಟಿ ಭೂಮಿಯ ಹತ್ತಿರಕ್ಕೆ ಬರುವ ವಿಚಿತ್ರ ಕಲ್ಲು. ಅದಕ್ಕೇ ಗಂಡು ಹೆಸರು. ಜ್ಯೋತಿಷಿಗಳು ಆಮೇಲೆ ಆ ಹೆಸರಿನ ಕಥೆ ತೆಗೆದು ಫಲ ಬರೆದರು. ಕ್ಷುದ್ರಗ್ರಹಗಳನ್ನು ಕುಂಡಲಿಗೆ ಸೇರಿಸುವ ಚಾಳಿ ಜೋರಾದದ್ದೇ 1970ರ ದಶಕದಲ್ಲಿ. ಪತ್ತೆಯಾದ ಕ್ಷುದ್ರಗ್ರಹಗಳು ಈಗ 13 ಲಕ್ಷಕ್ಕೂ ಜಾಸ್ತಿ. ಎಲ್ಲವನ್ನೂ ಒಳಗೆ ಬಿಟ್ಟರೆ ಒಂದೊಂದು ಮನೆಗೂ ಲಕ್ಷ ಬಾಡಿಗೆದಾರರು!

ಕಥೆ ಮಾತ್ರ ಸೊಗಸಾಗಿದೆ. ಬಿಲ್ಲು ಹಿಡಿದ ಪುಟ್ಟ ಹುಡುಗ ಆಮೇಲಿನವನು. ಹಳೆಯ ಕವಿ ಹೆಸಿಯಡ್ ಹೇಳುವ ಈರೋಸ್, ಭೂಮಿಯ ಜೊತೆಜೊತೆಗೇ ಹುಟ್ಟಿದ ಆದಿಶಕ್ತಿ. ಋಗ್ವೇದದ ನಾಸದೀಯ ಸೂಕ್ತವೂ ಮೊದಲು ಹುಟ್ಟಿದ್ದು ಕಾಮ ಎನ್ನುತ್ತದಲ್ವಾ? ಅಷ್ಟು ದೊಡ್ಡವನನ್ನು ಮದುವೆ ಮಾತುಕತೆಗೆ ಹೆದರಿಸಲು ಕರೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಕಲ್ಲಿನ ಸಮಾಚಾರವನ್ನೂ ಕೇಳಿ. ಉದ್ದ ಸುಮಾರು 34 ಕಿಲೋಮೀಟರ್, ನೋಡಲು ನಡುವೆ ತಗ್ಗಿದ ಶೇಂಗಾಕಾಯಿ. ಐದೂಕಾಲು ಗಂಟೆಗೊಮ್ಮೆ ತನ್ನ ಸುತ್ತ ತಿರುಗುತ್ತದೆ. 2001ರ ಫೆಬ್ರವರಿ 12ರಂದು ನಾಸಾದ ನೌಕೆ ಅದರ ಮೇಲೆ ಇಳಿದಿತ್ತು. ಅಲ್ಲಿನ ಕುಳಿಗಳಿಗೆ ಪ್ರೇಮಿಗಳ ಹೆಸರಿಟ್ಟಿದ್ದಾರೆ. ಲೈಲಾ, ಮಜ್ನೂ ಇಬ್ಬರೂ ಇದ್ದಾರೆ. ಹೆಸರಿನ ಮೋಹ ವಿಜ್ಞಾನಿಗಳನ್ನೂ ಬಿಟ್ಟಿಲ್ಲ ನೋಡಿ.

ಇನ್ನು ಶಾಂತಿ. ನಾನು ಕಂಡ ಯಾವ ಪ್ರಯೋಗದ ಪುಸ್ತಕದಲ್ಲೂ ಈರೋಸ್‌ಗೆ ಮಂತ್ರವಿಲ್ಲ, ದಾನಕ್ಕೆ ಧಾನ್ಯವಿಲ್ಲ. ಯಾರಾದರೂ "ಈರೋಸ್ ಶಾಂತಿ" ಅಂತ ರಸೀದಿ ಬರೆದುಕೊಟ್ಟರೆ, ದುಡ್ಡು ಕೊಡದೆ ಅದರ ಫೋಟೊ ಮಾತ್ರ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.